ಡೇರೆ ದುಡ್ಡಿನ ದಂಗೆ

1809ರ ಆಗಸ್ಟ್. ಶ್ರೀರಂಗಪಟ್ಟಣದ ಕೋಟೆ ಹತ್ತೇ ವರ್ಷದಲ್ಲಿ ಮತ್ತೊಮ್ಮೆ ಬಾಗಿಲು ಹಾಕಿಕೊಂಡು ಕೂತಿತು. ಈ ಸಲ ಒಳಗಿದ್ದವನು ಕಂಪನಿಯದೇ ಕರ್ನಲ್! ಬಿಳಿ ಅಧಿಕಾರಿಗಳ ಜೇಬಿನ ಜಗಳ ದಂಗೆಯಾಯಿತು, ಕೋರ್ಟ್ ಮಾರ್ಷಲ್‌ವರೆಗೂ ಹೋಯಿತು. ಕರ್ನಲ್‌ಗೆ ನೌಕರಿ ಹೋಯಿತು. ಚಿತ್ರದುರ್ಗದಿಂದ ಅವನ ನೆರವಿಗೆ ನಡೆದುಬಂದ ಸಿಪಾಯಿಗಳಿಗೆ ಹೋದದ್ದೇನು?

ಆಷಾಢ ಕಳೆದು ಶ್ರಾವಣ ಕಾಲಿಡುವ ದಿನಗಳು. ಚಿತ್ರದುರ್ಗದಿಂದ ಹೊರಟ ಎರಡು ಪಟಾಲಂ ಸಿಪಾಯಿಗಳು ಇನ್ನೂರಕ್ಕೂ ಹೆಚ್ಚು ಕಿಲೋಮೀಟರು ನಡೆದು ಶ್ರೀರಂಗಪಟ್ಟಣದ ಸಮೀಪ ಬಂದಿದ್ದರು. ಹೆಗಲ ಮೇಲೆ ಬಂದೂಕು, ಮೈಮೇಲೆ ಕೆಂಪು ಅಂಗಿ, ಹಿಂದೆ ಸಾಮಾನು ಹೊತ್ತ ಎತ್ತುಗಳು. ಕೋಟೆಯೊಳಗೆ ಸೇರಿಕೊಂಡರೆ ಸಾಕು, ಅನ್ನ ನೀರು ನೆರಳು ಎಲ್ಲ ಅಲ್ಲಿದೆ ಎಂದು ಸಾಹೇಬರು ಹೇಳಿದ್ದರು.

1809ರ ಆಗಸ್ಟ್ 11. ಮೈಸೂರಿನ ಸವಾರರು ಅವರ ಸುತ್ತ ಸುಳಿಯುತ್ತಿದ್ದರು. ಅದಕ್ಕೇನೂ ಸಿಪಾಯಿಗಳು ಅಷ್ಟಾಗಿ ಬೆದರಲಿಲ್ಲ. ಆದರೆ ಅವರ ಬೆನ್ನಿಗೇ ಇನ್ನೊಂದು ದೂಳು ಎದ್ದಿತು. ಅದು ಇಂಗ್ಲೆಂಡ್ ದೊರೆಯ 25ನೇ ಡ್ರಾಗೂನ್ ರೆಜಿಮೆಂಟು. ಸಿಪಾಯಿಗಳು ಯಾವ ಬಾವುಟದ ಉಪ್ಪು ತಿಂದಿದ್ದರೋ ಅದೇ ಬಾವುಟದ ಕುದುರೆಗಳು ಕತ್ತಿ ಹಿರಿದು ಅವರ ಮೇಲೇ ಬಂದವು.

ಕುದುರೆಪಡೆ ಎದುರಾದರೆ ಕಾಲಾಳುಗಳು ಚೌಕ ಕಟ್ಟಿ ನಿಲ್ಲಬೇಕು, ನಾಲ್ಕೂ ಕಡೆಗೆ ಬಂದೂಕಿನ ಸನೀನು ಚಾಚಬೇಕು. ಕವಾಯತಿನ ಮೊದಲ ಪಾಠವೇ ಅದು. ಸಾಲಾಗಿ ನಡೆಯುತ್ತಿರುವಾಗ ಸಿಕ್ಕಿಬಿದ್ದರೆ ಕಥೆ ಮುಗಿಯಿತು. ಅಲ್ಲಿ ಆದದ್ದೂ ಅದೇ. ಕಾಳಗ ಎನ್ನುವಷ್ಟು ಹೊತ್ತೂ ಅದು ನಡೆಯಲಿಲ್ಲ. ನೂರಾರು ಸಿಪಾಯಿಗಳು ಸತ್ತೋ, ಗಾಯಗೊಂಡೋ, ಕಾಣೆಯಾಗಿಯೋ ಹೋದರು. ಉಳಿದವರು ಎದ್ದುಬಿದ್ದು ಕೋಟೆಯ ಕಡೆ ಓಡಿದರು. ಡ್ರಾಗೂನರ ಕಡೆ ಹೇಳಿಕೊಳ್ಳುವಂಥ ನಷ್ಟವೇನೂ ಇಲ್ಲ.

ಕೋಟೆಯ ತೋಪುಗಳು ಗುಡುಗಿದವು. ಯಾರ ಮೇಲೆ? ಹೊರಗೆ ಬೀಡುಬಿಟ್ಟಿದ್ದ ಬ್ರಿಟಿಷ್ ದಂಡಿನ ಮೇಲೆ. ಹಾರಿಸಿದವರು ಯಾರು? ಬ್ರಿಟಿಷರು!

ಟಿಪ್ಪು ಬಿದ್ದದ್ದು 1799ರ ಮೇ 4ರಂದು. ಆಮೇಲೆ ಕೋಟೆ ಕಂಪನಿಯ ಕೈಗೆ ಬಂತು. ರಾಜಧಾನಿ ಮೈಸೂರಿಗೆ ಹೋಯಿತು. 1809ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಹದಿನೈದು ವರ್ಷ. ಸೀಮೆ ಆಳುತ್ತಿದ್ದವರು ದಿವಾನ್ ಪೂರ್ಣಯ್ಯನವರು. ಕೋಟೆಯ ಬೀಗದ ಕೈ ಇದ್ದದ್ದು ಮದ್ರಾಸ್ ತೋಪುಖಾನೆಯ ಲೆಫ್ಟಿನೆಂಟ್ ಕರ್ನಲ್ ಜಾನ್ ಬೆಲ್ ಎಂಬವನ ಹತ್ತಿರ. ಬಾಗಿಲು ಹಾಕಿಸಿ, ಸರ್ಕಾರದ ಹುಕುಮು ಒಲ್ಲೆನೆಂದು ಕೂತವನು ಅವನೇ.

ಯಾಕೆ? ಕೇಳಿದರೆ ನಗು ಬರುತ್ತದೆ. ಡೇರೆಗಳ ಬಾಡಿಗೆಗಾಗಿ.

ಓಡಿಸಿದ್ರ ಖರ್ಚು, ನಿಂದ್ರಿಸಿದ್ರ ಲಾಭ

ಈ ಡೇರೆ ಲೆಕ್ಕ ನನಗೆ ಪುಸ್ತಕದಲ್ಲಿ ಎಷ್ಟು ಸಲ ಓದಿದರೂ ತಲೆಗೆ ಹತ್ತಿರಲಿಲ್ಲ. ಹತ್ತಿಸಿದ್ದು ಪುಣೆಯ ಮಾರ್ಕೆಟ್ ಯಾರ್ಡ್.

ಗುಲ್‌ಟೇಕಡಿಯ ಈ ಮಂಡಿಗೆ ಬೆಳಗಿನ ಜಾವ ಹೋದರೆ ಮರಾಠಿಯಷ್ಟೇ ಸಲೀಸಾಗಿ ನಮ್ಮ ವಿಜಯಪುರ, ಕಲಬುರಗಿ ಕಡೆಯ ಕನ್ನಡವೂ ಕಿವಿಗೆ ಬೀಳುತ್ತದೆ. ಒಂದು ದಿನ ಇಂಡಿಯಿಂದ ನಿಂಬೆಹಣ್ಣು ತಂದಿದ್ದ ಲಾರಿಯ ಪಕ್ಕ ಚಹಾ ಕುಡಿಯುತ್ತ ನಿಂತಿದ್ದೆ. ಹಮಾಲರು ಚೀಲ ಇಳಿಸುತ್ತಿದ್ದರು, ಒಡೆದ ಹಣ್ಣಿನ ಹುಳಿ ವಾಸನೆ ಮೂಗಿಗೆ ಅಡರಿತ್ತು. ಡ್ರೈವರಣ್ಣ ಇನ್ನೊಬ್ಬ ಮಾಲೀಕನ ಬಗ್ಗೆ ಹೊಟ್ಟೆಯುರಿದುಕೊಳ್ಳುತ್ತಿದ್ದ.

'ಅಂವಗೇನ್ರೀ, ತಿಂಗಳಾ ಇಷ್ಟ್ ಅಂತ ಗುತ್ತಿಗಿ. ಗಾಡಿ ಓಡ್ಲಿ ಬಿಡ್ಲಿ ರೊಕ್ಕ ಬರ್ತೈತಿ. ಓಡಿಸಿದ್ರ ಡೀಸೆಲ್ ಖರ್ಚು, ಟಯರ್ ಖರ್ಚು. ನಿಂದ್ರಿಸಿದ್ರ ಪೂರ್ತಿ ಲಾಭ. ಅದಕ್ಕs ಅವನ ಗಾಡಿ ಯಾವಾಗ ನೋಡಿದ್ರೂ ರಿಪೇರಿನ್ಯಾಗ ಇರ್ತಾವ!'

ಚಹಾದ ಲೋಟ ಕೈಯಲ್ಲೇ ಉಳಿಯಿತು. ಇನ್ನೂರು ವರ್ಷದ ಹಿಂದೆ ಮದ್ರಾಸ್ ಸೇನೆಯ ಕ್ವಾರ್ಟರ್‌ಮಾಸ್ಟರ್ ಜನರಲ್, ಲೆಫ್ಟಿನೆಂಟ್ ಕರ್ನಲ್ ಜಾನ್ ಮನ್ರೋ ತನ್ನ ವರದಿಯಲ್ಲಿ ಬರೆದದ್ದರ ಸಾರ ಇಷ್ಟೇ ಅಲ್ಲವೆ!

ಪ್ರತಿ ದೇಶೀ ಪಟಾಲಮ್ಮಿನ ಮುಖ್ಯಸ್ಥನಿಗೂ ಡೇರೆ, ಎತ್ತು, ಎತ್ತಿನ ಆಳುಗಳ ಬಾಬ್ತಿಗೆ ತಿಂಗಳಿಗೆ ಇಷ್ಟೆಂದು ಕಂಪನಿ ಕೊಡುತ್ತಿತ್ತು. ಯುದ್ಧವಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ದಂಡು ಹೊರಟರೆ ಎತ್ತಿಗೆ ಮೇವು ಬೇಕು, ಡೇರೆ ಹರಿಯುತ್ತದೆ, ಹಗ್ಗ ಕೊಳೆಯುತ್ತದೆ. ಲೈನಿನಲ್ಲೇ ಕೂತರೆ ಅಷ್ಟೂ ದುಡ್ಡು ಸಾಹೇಬನ ಪೆಟ್ಟಿಗೆಗೆ. ಇದೇ 'ಡೇರೆ ಗುತ್ತಿಗೆ'. ಹೀಗೆ ದುಡ್ಡು ಕೊಟ್ಟರೆ ಅಧಿಕಾರಿಯ ಕರ್ತವ್ಯ ಒಂದು ಕಡೆ, ಲಾಭ ಇನ್ನೊಂದು ಕಡೆ ಎಳೆಯುತ್ತದೆ ಎಂದು ಮನ್ರೋ ಬರೆದ. 1808ರಲ್ಲಿ ಗುತ್ತಿಗೆ ರದ್ದಾಯಿತು.

ಲೆಕ್ಕದಲ್ಲಿ ಮನ್ರೋನದು ತಪ್ಪಿರಲಿಲ್ಲ. ಅವನು ಬರೆದದ್ದನ್ನು ಓದಿದವರಿಗೆ ಮಾತ್ರ 'ನೀವು ಕಳ್ಳರು' ಎಂದಂತೆ ಕೇಳಿಸಿತು.

▌ ಇಬ್ಬರು ಮನ್ರೋ, ಗೊಂದಲ ಬೇಡ
*ನಮ್ಮಲ್ಲಿ ಮನ್ರೋ ಅಂದರೆ ಬಳ್ಳಾರಿ, ಕಡಪ ಕಡೆಯ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ನೆನಪಾಗುತ್ತಾನೆ. ರೈತವಾರಿಯ ಮನ್ರೋ ಅವನು. ಡೇರೆ ವರದಿ ಬರೆದವನು ಜಾನ್ ಮನ್ರೋ. ಇದೇ ಜಾನ್ ಮನ್ರೋ ಮುಂದೆ ತಿರುವಾಂಕೂರಿನ ರೆಸಿಡೆಂಟನೂ ಆಗಿ, ಕೆಲವು ವರ್ಷ ಅಲ್ಲಿನ ದಿವಾನನೂ ಆದ.*

ಮುಳುಗಿದ ಸೇನಾಪತಿ

ಒಂದು ವರದಿಗೆ ಒಂದು ಸೇನೆ ಹೊತ್ತಿಕೊಳ್ಳುತ್ತದೆಯೆ? ಹೊತ್ತಿಕೊಳ್ಳಲು ಕಟ್ಟಿಗೆ ಆಗಲೇ ಒಣಗಿತ್ತು.

ರೆಜಿಮೆಂಟಿನ ಬಜಾರುಗಳ ಸುಂಕ ಮೊದಲು ಅಧಿಕಾರಿಗಳ ಪಾಲಿಗೆ ಬರುತ್ತಿತ್ತು. ದಂಡಿನ ಜೊತೆಗೆ ಒಂದು ಸಂತೆಯೇ ಇರುತ್ತಿದ್ದ ಕಾಲ ಅದು. ಅಕ್ಕಿ ಅಂಗಡಿಯಿಂದ ಹೆಂಡದಂಗಡಿಯವರೆಗೆ ಎಲ್ಲದರಿಂದಲೂ ಉತ್ಪನ್ನ. ಅದೂ ನಿಂತುಹೋಗಿತ್ತು. ಬಂಗಾಳದ ಅಧಿಕಾರಿಗಳಿಗೆ ಭತ್ಯೆ ಹೆಚ್ಚು, ನಮಗೆ ಕಮ್ಮಿ ಎಂಬ ಕೊರಗು ಬೇರೆ. ಗವರ್ನರ್ ಸರ್ ಜಾರ್ಜ್ ಬಾರ್ಲೊ ಖರ್ಚು ಕಡಿತಕ್ಕೆ ಹೆಸರಾದವನು. ಮಾತು ಕಮ್ಮಿ, ನಗು ಇನ್ನೂ ಕಮ್ಮಿ. ಸೇನಾಪತಿ ಹೇ ಮ್ಯಾಕ್‌ಡೋವಲ್‌ಗೆ ಮದ್ರಾಸ್ ಕೌನ್ಸಿಲಿನಲ್ಲಿ ಹಿಂದಿನವರಿಗೆ ಸಿಕ್ಕಿದ್ದ ಕುರ್ಚಿ ಸಿಗಲಿಲ್ಲ. ಇಬ್ಬರ ನಡುವೆ ಮುಖ ನೋಡದ ಮುನಿಸು.

1809ರ ಜನವರಿಯಲ್ಲಿ ಅಧಿಕಾರಿಗಳ ದೂರಿನ ಮೇಲೆ ಮ್ಯಾಕ್‌ಡೋವಲ್ ಮನ್ರೋನನ್ನು ಬಂಧಿಸಿದ. ಮನ್ರೋ ಬಾರ್ಲೊನ ಮೊರೆಹೊಕ್ಕ. ಬಿಡು ಎಂದು ಸರ್ಕಾರ ಹುಕುಮು ಕೊಟ್ಟಿತು. ಬಿಟ್ಟ. ಆದರೆ ಊರಿಗೆ ಹಡಗು ಹತ್ತುವ ಮುನ್ನ ಮನ್ರೋಗೆ ಛೀಮಾರಿ ಹಾಕುವ ಒಂದು ಸೇನಾ ಆಜ್ಞೆ ಹೊರಡಿಸಿಯೇ ಹೋದ. ರಾಜೀನಾಮೆ ಕೈ ಸೇರುವ ಮೊದಲೇ ಬಾರ್ಲೊ ಅವನನ್ನು ವಜಾ ಮಾಡಿದ. ಅಷ್ಟಕ್ಕೆ ನಿಂತಿದ್ದರೆ ಕೋಪ ಹಡಗಿನ ಜೊತೆಗೇ ಹೋಗುತ್ತಿತ್ತೇನೋ. ಆ ಆಜ್ಞೆಗೆ ಸಹಿ ಹಾಕಿದ ಕೆಳಗಿನ ಅಧಿಕಾರಿ ಮೇಜರ್ ಬೋಲ್ಸ್‌ನನ್ನೂ ಅಮಾನತು ಮಾಡಿದ. ಮೇಲಿನವನ ಮಾತು ಕೇಳಿದ್ದಕ್ಕೆ ಶಿಕ್ಷೆ! ಹಾಗಿದ್ದರೆ ಇನ್ನು ಯಾರ ಮಾತು ಕೇಳಬೇಕು?

ಈ ಪ್ರಶ್ನೆ ನನಗೂ ನ್ಯಾಯವಾದದ್ದೇ ಅನ್ನಿಸುತ್ತದೆ. ಡೇರೆ ವಿಷಯದಲ್ಲಿ ಅಧಿಕಾರಿಗಳ ಮೇಲೆ ಕನಿಕರ ಹುಟ್ಟದ ನನ್ನಂಥವನೂ ಬೋಲ್ಸ್ ವಿಷಯದಲ್ಲಿ ಬಾರ್ಲೊನ ಪಕ್ಷ ಹಿಡಿಯಲಾರೆ. ಇದೇ ಪ್ರಶ್ನೆ ಆರು ತಿಂಗಳ ಮೇಲೆ ಸಿಪಾಯಿಯ ತಲೆಯ ಮೇಲೆ ಬಂದು ಕೂತಾಗ, ಬೋಲ್ಸ್‌ಗಾಗಿ ಹಲ್ಲು ಕಡಿದವರಿಗೆ ಅದು ಕೇಳಿಸಲಿಲ್ಲ ಎಂಬುದು ಬೇರೆ ಮಾತು.

ಮ್ಯಾಕ್‌ಡೋವಲ್ ಊರು ಮುಟ್ಟಲಿಲ್ಲ. ಅವನಿದ್ದ 'ಲೇಡಿ ಜೇನ್ ಡಂಡಾಸ್' ಹಡಗು ಮಾರ್ಚಿನಲ್ಲಿ ಮಾರಿಷಸ್ ಸಮೀಪದ ಬಿರುಗಾಳಿಗೆ ಸಿಕ್ಕಿ ಎಲ್ಲರ ಸಮೇತ ಮುಳುಗಿತು. ಬೆಂಕಿ ಹಚ್ಚಿದವನು ನೀರುಪಾಲಾದ. ಬೆಂಕಿ ದಡದಲ್ಲೇ ಉಳಿಯಿತು.

ಎತ್ತದ ಗ್ಲಾಸು

ಮೇ ತಿಂಗಳಲ್ಲಿ ಮಚಲೀಪಟ್ಟಣದಲ್ಲಿ ಒಂದು ಊಟ ನಡೆಯಿತು. ಅಲ್ಲಿದ್ದದ್ದು ಮದ್ರಾಸ್ ಯುರೋಪಿಯನ್ ರೆಜಿಮೆಂಟು, ಪೂರ್ತಿ ಬಿಳಿಯರ ಪಟಾಲಮ್ಮು. ಹೊಸ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ಜೇಮ್ಸ್ ಇನ್ನೆಸ್ ಅಧಿಕಾರ ವಹಿಸಿಕೊಳ್ಳಲು ಬಂದಿದ್ದ. ಮೆಸ್ಸಿನಲ್ಲಿ ಸತ್ಕಾರ. ಊಟ ಮುಗಿಯಿತು, ಗ್ಲಾಸು ತುಂಬಿದವು. ಒಬ್ಬ ಎದ್ದು 'ಸೇನೆಯ ಮಿತ್ರರಿಗೆ' ಎಂದು ಗ್ಲಾಸೆತ್ತಿದ.

ಸೇನೆಯ ಮಿತ್ರರು ಎಂದರೆ ಸರ್ಕಾರದ ಶತ್ರುಗಳು ಎಂದು ಮೇಜಿನ ಸುತ್ತ ಕೂತಿದ್ದ ಎಲ್ಲರಿಗೂ ಗೊತ್ತು. 'ಮದ್ರಾಸ್ ಸೇನೆಗೆ ಅನ್ನೋಣ' ಎಂದ ಇನ್ನೆಸ್. ಒಪ್ಪಲಿಲ್ಲ. ಅವನು ಎದ್ದು ಹೋದ. ವಿಷಯ ಮದ್ರಾಸಿಗೆ ಮುಟ್ಟಿತು, ಕಿರಿಯ ಅಧಿಕಾರಿಗಳಿಬ್ಬರ ಮೇಲೆ ಕ್ರಮ ಬಂತು. ಅಷ್ಟರಲ್ಲಿ ರೆಜಿಮೆಂಟಿನ ಕೆಲವರನ್ನು ಯುದ್ಧನೌಕೆಗಳಿಗೆ ಕಳಿಸಬೇಕೆಂಬ ಆದೇಶ ಬೇರೆ. ನಮ್ಮನ್ನು ಒಡೆದು ಚೆಲ್ಲಲು ಮಾಡಿದ ಹೂಟ ಇದು ಎಂದುಕೊಂಡರು. ಜೂನ್ 25ರಂದು ತಮ್ಮ ಕರ್ನಲ್‌ನನ್ನೇ ಕೂಡಿಹಾಕಿದರು. ಮೇಜರ್ ಜೋಸೆಫ್ ಸ್ಟೋರಿ ರೆಜಿಮೆಂಟಿನ ಯಜಮಾನನಾದ.

ಅಲ್ಲಿಂದ ಹೈದರಾಬಾದ್, ಜಾಲ್ನಾ, ಶ್ರೀರಂಗಪಟ್ಟಣ. ಪತ್ರಗಳು ಓಡಾಡಿದವು. ಒಂದು ಠಾಣೆಗೆ ಕಷ್ಟವಾದರೆ ಇನ್ನೊಂದು ಠಾಣೆ ಕೈ ಬಿಡದು ಎಂದು ಮಾತುಕೊಟ್ಟುಕೊಂಡರು.

ಬಾರ್ಲೊ ಜುಲೈ 26ರಂದು ಒಂದು ಕಾಗದ ಕಳಿಸಿದ. ಸರ್ಕಾರಕ್ಕೆ ವಿಧೇಯನಾಗಿರುತ್ತೇನೆ ಎಂದು ಪ್ರತಿಯೊಬ್ಬ ಅಧಿಕಾರಿ ಸಹಿ ಹಾಕಬೇಕು. ಹಾಕದಿದ್ದರೆ ಪಟಾಲಂ ಬಿಟ್ಟು ಸದರಾಸಿನಿಂದ ನಾಗಪಟ್ಟಣದ ನಡುವಿನ ಕಡಲತೀರದಲ್ಲಿ ಹೋಗಿ ತಣ್ಣಗೆ ಕೂತಿರಬೇಕು. ಸುಮಾರು 1,300 ಅಧಿಕಾರಿಗಳಲ್ಲಿ ಸಹಿ ಹಾಕಿದವರು 150ರ ಆಸುಪಾಸು.

ಅದರ ಜೊತೆಗೇ ಬಾರ್ಲೊ ಇನ್ನೊಂದು ಕೆಲಸ ಮಾಡಿದ. ಸಾಹೇಬರನ್ನು ದಾಟಿ ನೇರ ಸುಬೇದಾರ, ಜಮಾದಾರರ ಹತ್ತಿರ ಹೋಗಿ, 'ಇದು ಅವರ ಜಗಳ, ನಿಮ್ಮದಲ್ಲ. ನಿಮ್ಮ ಉಪ್ಪು ಕಂಪನಿಯದು' ಎಂದು ಹೇಳಿಸಿದ. ಬಿಳಿಯ ಅಧಿಕಾರಿಗಳಿಗೆ ಇದರಷ್ಟು ಉರಿ ಹತ್ತಿಸಿದ್ದು ಇನ್ನೊಂದಿಲ್ಲ. ಕರಿಯ ಸುಬೇದಾರನ ಮುಂದೆ ನಮ್ಮ ಮಾನ ತೆಗೆದರು ಎಂದು ಕೂಗಾಡಿದರು. ಅದೇ ಸುಬೇದಾರನನ್ನು ತಮ್ಮ ದಂಗೆಗೆ ಎಳೆದುಕೊಳ್ಳುವಾಗ ಮಾತ್ರ ಮಾನದ ಯೋಚನೆ ಬರಲಿಲ್ಲ. ಸರ್ಕಾರ ನಿಮ್ಮ ಸಂಬಳಕ್ಕೂ ಕೈ ಹಾಕುತ್ತದೆ ಎಂಬ ಗುಸುಗುಸು ಸಿಪಾಯಿಗಳ ಲೈನುಗಳಿಗೆ ಅಧಿಕಾರಿಗಳ ಕಡೆಯಿಂದಲೇ ಹೋಗಿತ್ತು.

ಸಿಪಾಯಿಯ ಸಂಬಳ ತಿಂಗಳಿಗೆ ಏಳು ರೂಪಾಯಿಯ ಆಸುಪಾಸು. ಡೇರೆ ದುಡ್ಡಿನಲ್ಲಿ ಅವನ ಪಾಲು ಸೊನ್ನೆ.

ಸಂಗಮದಿಂದ ಹೊರಟ ಸಂಧಾನಗಾರ

ಪುಣೆಯಲ್ಲಿ ಮುಳಾ ಮುಠಾ ಕೂಡುವ ಸಂಗಮದ ಬಳಿ ಆಗ ಬ್ರಿಟಿಷ್ ರೆಸಿಡೆನ್ಸಿ ಇತ್ತು. ಅದು 1817ರ ನವೆಂಬರಿನ ಖಡಕಿ ಕಾಳಗದ ವೇಳೆ ಸುಟ್ಟುಹೋಯಿತು. 1809ರಲ್ಲಿ ಪೇಶ್ವೆಯ ದರ್ಬಾರಿನ ರೆಸಿಡೆಂಟ್ ಆಗಿದ್ದವನು ಕರ್ನಲ್ ಬ್ಯಾರಿ ಕ್ಲೋಸ್. ಮೂಲತಃ ಮದ್ರಾಸ್ ಸೇನೆಯವನು, ಟಿಪ್ಪು ನಂತರದ ಮೈಸೂರಿಗೆ ಮೊದಲ ರೆಸಿಡೆಂಟ್ ಆಗಿ ಪೂರ್ಣಯ್ಯನವರ ಜೊತೆ ಕೆಲಸ ಮಾಡಿದವನು, ಸಿಪಾಯಿಗಳ ಭಾಷೆ ಬಲ್ಲವನು. ಅವನನ್ನು ಪುಣೆಯಿಂದ ಹೈದರಾಬಾದಿಗೆ ಓಡಿಸಿದರು.

ಮಚಲೀಪಟ್ಟಣಕ್ಕೆ ಹೋದವನು ಜಾನ್ ಮಾಲ್ಕಮ್. ಅವನೂ ಮೈಸೂರಿನ ಮಾಜಿ ರೆಸಿಡೆಂಟ್! ಬೆಂಕಿ ಆರಿಸಲು ಕಂಪನಿಗೆ ಹೊಳೆದ ಇಬ್ಬರೂ ನಮ್ಮ ಸೀಮೆಯ ನೀರು ಕುಡಿದವರೇ.

ಇಬ್ಬರ ದಾರಿ ಬೇರೆ. ಮಾಲ್ಕಮ್ ಅಧಿಕಾರಿಗಳ ಜೊತೆ ಕೂತು ಉಂಡ, ಕುಡಿದ, ನಗಿಸಿದ, ಸಮಾಧಾನ ಹೇಳಿದ. ಬಾರ್ಲೊಗೆ ಅದು ಸರಿಬೀಳಲಿಲ್ಲ. ಮಾಲ್ಕಮ್ ಮುಂದೆ ತನ್ನ ಸಮರ್ಥನೆಗೆ ಒಂದು ಪುಸ್ತಕವನ್ನೇ ಬರೆದು ಅಚ್ಚು ಹಾಕಿಸಬೇಕಾಯಿತು. ಕ್ಲೋಸ್ ನೇರ ಲೈನಿಗೆ ಹೋಗಿ ಸಿಪಾಯಿಗಳ ಮುಂದೆ ಮಾತಾಡಿದ. ಸಿಪಾಯಿಗಳು ಕದಲಲಿಲ್ಲ. ದಿನಾ ಕಾಣುವ ಸಾಹೇಬ ಪಕ್ಕದಲ್ಲಿ ನಿಂತಿರುವಾಗ, ನಿನ್ನೆ ಬಂದವನ ಮಾತಿಗೆ ಯಾರು ಹೊರಡುತ್ತಾರೆ?

ವಿಚಿತ್ರವೆಂದರೆ, ಕ್ಲೋಸ್ ಸೋತು ಬಂದ ಕೆಲವೇ ದಿನಗಳಲ್ಲಿ ಹೈದರಾಬಾದಿನ ಅಧಿಕಾರಿಗಳಿಗೆ ತಾವೇ ಭಯ ಹತ್ತಿತು. ಆಗಸ್ಟ್ ಎರಡನೇ ವಾರಕ್ಕೆ ಅವರು ಸಹಿ ಹಾಕಲು ಒಪ್ಪಿ, ಉಳಿದ ಠಾಣೆಗಳಿಗೂ ಹಾಗೇ ಮಾಡಿರೆಂದು ಬರೆದರು. ಸರಿಸುಮಾರು ಅದೇ ದಿನಗಳಲ್ಲಿ ಚಿತ್ರದುರ್ಗದ ಸಿಪಾಯಿಗಳು ಶ್ರೀರಂಗಪಟ್ಟಣದ ದಾರಿಯಲ್ಲಿದ್ದರು. ಪತ್ರ ದಿನಗಟ್ಟಲೆ ದಾರಿ ಸವೆಸಿ ಬರುತ್ತಿದ್ದ ಕಾಲ.

ಪೂರ್ಣಯ್ಯನವರ ಸವಾರರು

ಚಿತ್ರದುರ್ಗದಲ್ಲಿ ಇದ್ದದ್ದು 8ನೇ ಮತ್ತು 15ನೇ ರೆಜಿಮೆಂಟುಗಳ ಮೊದಲ ಪಟಾಲಮ್ಮುಗಳು. ಶ್ರೀರಂಗಪಟ್ಟಣದಿಂದ ಕರೆ ಬಂತು. ಚಿತ್ರದುರ್ಗದ ಖಜಾನೆಗೆ ಕೈ ಹಾಕಿ, ದುಡ್ಡು ತೆಗೆದುಕೊಂಡು, ಕ್ಯಾಪ್ಟನ್ ಮೆಕಿಂಟಾಷ್‌ನ ಮುಂದಾಳತ್ವದಲ್ಲಿ ಹೊರಟರು.

ಮೈಸೂರಿನಲ್ಲಿ ರೆಸಿಡೆಂಟ್ ಆರ್ಥರ್ ಕೋಲ್. ಅವನು ಪೂರ್ಣಯ್ಯನವರ ಕಡೆ ನೋಡಿದ. ಹೈದರನ ಕಾಲದಿಂದ ದಫ್ತರ ನೋಡಿದ ಮುದಿ ತಲೆ ಅದು. ಟಿಪ್ಪುವಿನ ಕೆಳಗೆ ಇದೇ ಕೋಟೆಯ ಖಜಾನೆ ಕಾದಿತ್ತು. ಬಿಳಿಯರು ಬಿಳಿಯರ ಜೊತೆ ಹೊಡೆದಾಡುವಾಗ ಮೈಸೂರಿನ ದಿವಾನ ಯಾವ ಕಡೆ ನಿಲ್ಲಬೇಕು? ಕಂಪನಿಯೊಳಗೆ ಬಿರುಕು ಕಂಡ ಕೂಡಲೇ ಮಗ್ಗುಲು ಬದಲಿಸುವ ಆಸೆ ಇನ್ನೊಬ್ಬರಿಗೆ ಹುಟ್ಟುತ್ತಿತ್ತೋ ಏನೋ. ಪೂರ್ಣಯ್ಯನವರು ಕಾಗದ ನೋಡಿದವರು. ಯುದ್ಧ ಬಂದಾಗ ಕಂಪನಿಯ ನೆರವಿಗೆ 4,000 ಸವಾರರನ್ನು ಮೈಸೂರು ಸಿದ್ಧ ಇಟ್ಟಿರಬೇಕೆಂದು 1807ರಲ್ಲಷ್ಟೇ ಕರಾರಾಗಿತ್ತು. ಕಂಪನಿ ಎಂದರೆ ಸರ್ಕಾರ, ಕೋಟೆಯಲ್ಲಿ ಕೂತ ಕರ್ನಲ್ ಅಲ್ಲ. ಸವಾರರು ಹೊರಟರು.

ಹೊರಗಿನ ದಂಡಿನ ಮುಖ್ಯಸ್ಥ, ದೊರೆಯ 59ನೇ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ಸ್ಯಾಮ್ಯುಯೆಲ್ ಗಿಬ್ಸ್. ಇಲ್ಲಿ ಒಂದು ಸೂಕ್ಷ್ಮವಿದೆ. ದೊರೆಯ ಸೇನೆಯವರಿಗೆ ಡೇರೆ ಗುತ್ತಿಗೆಯ ದುಃಖ ಅಷ್ಟಾಗಿ ತಟ್ಟಿರಲಿಲ್ಲ. ಕಂಪನಿ ಸೇನೆಯ ಅಧಿಕಾರಿಗಳಿಗೂ ಅವರಿಗೂ ಮೊದಲಿಂದ ಅಷ್ಟಕ್ಕಷ್ಟೇ. ಬಾರ್ಲೊನ ಕೈಯಲ್ಲಿ ಉಳಿದಿದ್ದ ಗಟ್ಟಿ ಕೋಲು ಅದೊಂದೇ.

ಆಮೇಲೆ ನಡೆದದ್ದು ಲೇಖನದ ಮೊದಲಲ್ಲೇ ಹೇಳಿದೆ. ಬೆಲ್ ಇನ್ನೂ ಹನ್ನೆರಡು ದಿನ ಕೋಟೆಯಲ್ಲಿ ಕೂತ. ಅಷ್ಟರಲ್ಲಿ ಹೈದರಾಬಾದ್ ತಗ್ಗಿದ ಸುದ್ದಿ ಬಂತು. ಗವರ್ನರ್ ಜನರಲ್ ಲಾರ್ಡ್ ಮಿಂಟೊ ಖುದ್ದು ಕಲ್ಕತ್ತದಿಂದ ಬರುತ್ತಿದ್ದಾನೆ ಎಂಬ ಸುದ್ದಿಯೂ ಬಂತು. ಆಗಸ್ಟ್ 23ರಂದು ಬಾಗಿಲು ತೆರೆಯಿತು. ಟಿಪ್ಪುವಿನ ಕೋಟೆ ಒಡೆಯಲು ಒಂದು ತಿಂಗಳ ಮುತ್ತಿಗೆ ಬೇಕಾಗಿತ್ತು. ಈ ಸಲ ಸುದ್ದಿಯೇ ಸಾಕಾಯಿತು.

▌ ಎರಡು ದಂಗೆ, ಎರಡು ತಕ್ಕಡಿ
*ವೆಲ್ಲೂರು, 1806 ಜುಲೈ 10: ತಲೆಯ ಪೇಟ, ಹಣೆಯ ನಾಮದ ವಿಚಾರಕ್ಕೆ ಇದೇ ಮದ್ರಾಸ್ ಸೇನೆಯ ಸಿಪಾಯಿಗಳು ದಂಗೆ ಎದ್ದರು. ನೂರಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಸತ್ತರು. ಕೋಟೆ ಮರಳಿ ಹಿಡಿಯುವಾಗ ನೂರಾರು ಸಿಪಾಯಿಗಳನ್ನು ಕೊಂದರು. ವಿಚಾರಣೆಯ ನಂತರ ಆರು ಮಂದಿಯನ್ನು ತೋಪಿನ ಬಾಯಿಗೆ ಕಟ್ಟಿ ಉಡಾಯಿಸಿದರು, ಐವರನ್ನು ಗುಂಡಿಟ್ಟು ಕೊಂದರು, ಎಂಟು ಮಂದಿಗೆ ಗಲ್ಲು. ಮೂರು ಪಟಾಲಮ್ಮುಗಳನ್ನೇ ಬರಖಾಸ್ತು ಮಾಡಿದರು.*
*ಶ್ರೀರಂಗಪಟ್ಟಣ, ಮಚಲೀಪಟ್ಟಣ, ಜಾಲ್ನಾ, ಹೈದರಾಬಾದ್, 1809: ದಂಗೆ ಎದ್ದವರು ಅಧಿಕಾರಿಗಳು. ತೋಪಿನ ಬಾಯಿಗೆ ಯಾರೂ ಹೋಗಲಿಲ್ಲ.*

ಕರ್ನಲ್ ಕಟಕಟೆಯಲ್ಲಿ

ಮಿಂಟೊ ಸೆಪ್ಟೆಂಬರಿನಲ್ಲಿ ಮದ್ರಾಸಿಗೆ ಬಂದಿಳಿದ. 25ರಂದು ಕ್ಷಮಾದಾನ ಸಾರಿದ. ಅದರಿಂದ ಹೊರಗಿಟ್ಟದ್ದು 21 ಮಂದಿಯನ್ನು ಮಾತ್ರ. ಅವರಲ್ಲಿ ಮೂವರಿಗೆ ಕೋರ್ಟ್ ಮಾರ್ಷಲ್: ಶ್ರೀರಂಗಪಟ್ಟಣದ ಬೆಲ್, ಮಚಲೀಪಟ್ಟಣದ ಸ್ಟೋರಿ, ಜಾಲ್ನಾದ ಲೆಫ್ಟಿನೆಂಟ್ ಕರ್ನಲ್ ಜಾನ್ ಡವ್ಟನ್. ಉಳಿದ 18 ಮಂದಿಗೆ ಆಯ್ಕೆ: ವಿಚಾರಣೆಗೆ ನಿಲ್ಲಿ, ಇಲ್ಲವೇ ನೌಕರಿ ಬಿಡಿ.

ಸೇನಾ ನ್ಯಾಯಾಲಯ ಎಂದರೆ ಕಪ್ಪು ಕೋಟಿನ ನ್ಯಾಯಾಧೀಶರಲ್ಲ, ಕತ್ತಿ ಕಟ್ಟಿದ ಅಧಿಕಾರಿಗಳೇ ಮೇಜಿನ ಹಿಂದೆ ಸಾಲಾಗಿ ಕೂರುತ್ತಾರೆ. ಮೊನ್ನೆ ಮೊನ್ನೆ ಒಂದೇ ಮೆಸ್ಸಿನಲ್ಲಿ ಉಂಡವನು ಇಂದು ಎದುರಿಗೆ ನಿಂತ ಆಪಾದಿತ. ದಂಗೆಗೆ ಮರಣದಂಡನೆಯನ್ನೂ ಕೊಡಬಹುದು ಎಂದು ಯುದ್ಧದ ಕಾನೂನು ಹೇಳುತ್ತಿತ್ತು. ಬೆಲ್ ಕೋಟೆಯ ಬಾಗಿಲು ಹಾಕಿದ್ದಾನೆ, ಸರ್ಕಾರದ ದಂಡಿನ ಮೇಲೆ ತೋಪು ಹಾರಿದೆ, ಅವನ ನೆರವಿಗೆ ಬಂದ ಸಿಪಾಯಿಗಳು ಸತ್ತಿದ್ದಾರೆ. ಅಪರಾಧ ಸಾಬೀತಾಯಿತು. ಶಿಕ್ಷೆ: ಅವಮಾನ ಸಹಿತ ವಜಾ.

ಈ ವಜಾಕ್ಕೆ ಇಂಗ್ಲಿಷಿನಲ್ಲಿ ಇರುವ ಪದ 'ಕ್ಯಾಷಿಯರ್'. ಬ್ಯಾಂಕಿನ ಗಾಜಿನ ಹಿಂದೆ ಕೂರುವ ಕ್ಯಾಷಿಯರನಿಗೂ ಈ ಪದಕ್ಕೂ ನಂಟಿಲ್ಲ. ಆದರೂ ದುಡ್ಡಿನಿಂದ ಶುರುವಾದ ರಾಮಾಯಣ ಈ ಪದದಲ್ಲೇ ಮುಗಿದದ್ದು ನೋಡಿದರೆ ಯಾರೋ ಬೇಕೆಂದೇ ಆರಿಸಿಟ್ಟಂತಿದೆ.

ಶಿಕ್ಷೆ ಸಾಲದು ಎಂದು ಮೇಲಿನವರು ಮುಖ ಸಿಂಡರಿಸಿದರು. ನ್ಯಾಯಾಲಯ ಜಗ್ಗಲಿಲ್ಲ. ಸ್ಟೋರಿಗೂ ವಜಾ. ಡವ್ಟನ್ ಖುಲಾಸೆಯಾದ, ಜಾಲ್ನಾದಿಂದ ಹೊರಟುನಿಂತ ದಂಡನ್ನು ಹದ್ದಿನಲ್ಲಿಡಲೆಂದೇ ನಾನು ಜೊತೆಗೆ ಹೋದೆ ಎಂಬ ಅವನ ಮಾತು ಜೊತೆಗಾರರಿಗೆ ನಂಬಲು ಯೋಗ್ಯವಾಗಿ ಕಂಡಿತು. 18ರಲ್ಲಿ ಹೆಚ್ಚಿನವರು ವಿಚಾರಣೆ ಬೇಡವೆಂದು ನೌಕರಿ ಬಿಟ್ಟರು. ಬಿಟ್ಟವರಲ್ಲಿ ಹಲವರನ್ನು ಕೆಲವು ವರ್ಷಗಳಲ್ಲಿ ಲಂಡನ್ನಿನ ಡೈರೆಕ್ಟರುಗಳು ವಾಪಸು ತೆಗೆದುಕೊಂಡರು. ಹಳೆಯ ಅಂಗಿ, ಹಳೆಯ ಸಲಾಮು.

ನ್ಯಾಯಾಧೀಶರ ಜಾಗದಲ್ಲಿ ಕೂತವರು ಮರಣದಂಡನೆ ಕೊಡಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಮೂರು ವರ್ಷದ ಹಿಂದೆ ವೆಲ್ಲೂರಿನಲ್ಲಿ ಹಣೆಯ ನಾಮ ಉಳಿಸಿಕೊಳ್ಳಲು ಎದ್ದವನಿಗೆ ತೋಪು, ಇಲ್ಲಿ ಎತ್ತಿನ ಬಾಡಿಗೆ ಉಳಿಸಿಕೊಳ್ಳಲು ಎದ್ದವನಿಗೆ ಊರಿಗೆ ಹಡಗು. ಇಷ್ಟನ್ನು ಅಕ್ಕಪಕ್ಕ ಇಟ್ಟು ನೋಡದೆ ಬೆಲ್‌ನ ವಿಚಾರಣೆಯನ್ನು ಓದಲು ನನ್ನಿಂದಾಗದು.

ಪಟಾಲಮ್ಮಿಗೆ ಆದದ್ದೇನು?

ರೆಜಿಮೆಂಟು ಎಂಬುದು ಒಂದು ಮನೆತನದ ಹಾಗೆ. ಯಜಮಾನ ಕಟಕಟೆ ಹತ್ತಿದರೆ ಮನೆಯ ಒಳಗಿನ ಪಾತ್ರೆಗಳೂ ಸದ್ದು ಮಾಡುತ್ತವೆ.

ವೆಲ್ಲೂರಿನ ಹಾಗೆ ಪಟಾಲಮ್ಮುಗಳ ಹೆಸರು ಅಳಿಸಲಿಲ್ಲ. ಅಳಿಸುವಂತೆಯೂ ಇರಲಿಲ್ಲ, ಅರ್ಧ ಸೇನೆಯೇ ದಂಗೆಯಲ್ಲಿದ್ದಾಗ ಯಾವುದನ್ನೆಂದು ಅಳಿಸುವುದು? ತಪ್ಪು ಸಾಹೇಬರದು, ಸಿಪಾಯಿಗಳು ಹೇಳಿದ್ದು ಕೇಳಿದ್ದಾರೆ ಎಂಬ ಒಪ್ಪಂದಕ್ಕೆ ಎಲ್ಲರೂ ಬಂದರು.

ಆದರೆ ಏಟು ಬಿದ್ದ ಜಾಗ ಬೇರೆ. ಸಿಪಾಯಿಗೆ ಸೇನೆ ಎಂದರೆ ಅವನ ಕಂಪನಿಯ ಸಾಹೇಬ, ಅವನ ಸುಬೇದಾರ, ಅವನ ಬಾವುಟ. ಮದ್ರಾಸ್, ಕಲ್ಕತ್ತ, ಲಂಡನ್ ಅವನಿಗೆ ಬರೀ ಹೆಸರು. ಆ ಮೂರು ವಾರ ಅವನ ಮುಂದೆ ಎರಡು ಹುಕುಮು ಬಂದು ನಿಂತವು. ಸಾಹೇಬ ಹೇಳುತ್ತಾನೆ, ನಡೆ. ಸರ್ಕಾರ ಹೇಳುತ್ತದೆ, ನಿಲ್ಲು. ನಡೆದರೆ ಡ್ರಾಗೂನು, ನಿಂತರೆ ಸಾಹೇಬ. ಸಾಹೇಬರ ಮೇಲೆ ಇಟ್ಟ ಕಣ್ಣುಮುಚ್ಚಿದ ನಂಬಿಕೆಗೆ ಆಗಸ್ಟ್ 11ರಂದು ಸಿಕ್ಕ ಬೆಲೆ ಏನೆಂದು ಲೈನಿನ ಸುಬೇದಾರನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬಾರ್ಲೊನ ಕಡೆಯವರಿಗೂ ಒಂದು ದಿಗಿಲು ಅಂಟಿಕೊಂಡಿತು. ಸಾಹೇಬರ ಮಾತು ಕೇಳಬೇಡಿ ಎಂದು ಸಿಪಾಯಿಗಳಿಗೆ ನಾವೇ ಕಲಿಸಿದೆವಲ್ಲ ಎಂಬ ದಿಗಿಲು. ಪೋರ್ಚುಗಲ್, ಸ್ಪೇನಿನ ಯುದ್ಧದ ಗದ್ದಲದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಗೂ ಸುದ್ದಿ ಮುಟ್ಟಿತು. ಹತ್ತು ವರ್ಷದ ಹಿಂದೆ ಇದೇ ಶ್ರೀರಂಗಪಟ್ಟಣದ ಅಧಿಕಾರ ಹಿಡಿದಿದ್ದವನು ಅವನು. ಹಳೆಯ ಗೆಳೆಯ ಮಾಲ್ಕಮ್‌ಗೆ ಬರೆದ ಪತ್ರದಲ್ಲಿ ತನ್ನ ಬೇಸರ ತೋಡಿಕೊಂಡ.

ಇನ್ನೆಸ್‌ನನ್ನು ಕೂಡಿಹಾಕಿದ ಮದ್ರಾಸ್ ಯುರೋಪಿಯನ್ ರೆಜಿಮೆಂಟು ದೀರ್ಘಾಯುಷಿ. ಮುಂದೆ ಮದ್ರಾಸ್ ಫ್ಯುಸಿಲಿಯರ್ಸ್ ಆಯಿತು, ಆಮೇಲೆ ಡಬ್ಲಿನ್ ಫ್ಯುಸಿಲಿಯರ್ಸ್ ಆಯಿತು, 1922ರಲ್ಲಿ ಐರ್ಲೆಂಡ್ ಬೇರೆಯಾದಾಗ ಬಾವುಟ ಮಡಚಿತು. ಗಿಬ್ಸ್ ಜನರಲ್ ಆಗಿ, 1815ರ ಜನವರಿಯಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಎದುರು ಗುಂಡೇಟಿಗೆ ಬಿದ್ದ. ಬಾರ್ಲೊನನ್ನು 1812ರಲ್ಲಿ ವಾಪಸು ಕರೆಸಿಕೊಂಡರು. ಪೂರ್ಣಯ್ಯನವರು 1811ರಲ್ಲಿ ಅಧಿಕಾರ ಬಿಟ್ಟು, ಮರುವರ್ಷ ಇದೇ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡರು.

ಶ್ರೀರಂಗಪಟ್ಟಣದ ದ್ವೀಪದ ಜ್ವರಕ್ಕೆ ದಂಡು ಮೊದಲಿಂದ ಹೆದರುತ್ತಿತ್ತು. ಈ ಗಲಾಟೆಯ ಆಚೀಚೆಯ ವರ್ಷಗಳಲ್ಲೇ ಸೈನ್ಯದ ಬಿಡಾರ ಬೆಂಗಳೂರಿಗೆ ಹೊರಳಿತು. ಹಲಸೂರಿನ ಆಚೆಗೆ ಬೆಳೆದ ದಂಡು ಪ್ರದೇಶ ನಮಗೆಲ್ಲ ಗೊತ್ತೇ ಇದೆ. ಕೋಟೆಯ ತೋಪುಗಳ ಜಾಗದಲ್ಲಿ ಹುಲ್ಲು ಬೆಳೆಯಿತು.

1810ರಲ್ಲಿ ಮದ್ರಾಸಿನ ಸಿಪಾಯಿಗಳು ಫ್ರೆಂಚರಿಂದ ಮಾರಿಷಸ್ ಗೆಲ್ಲಲು ಹಡಗು ಹತ್ತಿದರು. ಮ್ಯಾಕ್‌ಡೋವಲ್ ಮುಳುಗಿದ ಕಡಲಿನ ಮೇಲೇ ಹೋದರು. ಈ ಸಲ ಡೇರೆಗಳ ಲೆಕ್ಕ ಕರ್ನಲ್‌ಗಳ ಕೈಯಲ್ಲಿರಲಿಲ್ಲ.